ಆರು ಮಿಲಿಗ್ರಾಂನಿಂದ ಎರಡಕ್ಕೆ: ನಿಕೋಟಿನ್ ಪೌಚ್‌ಗಳನ್ನು ನಾನು ಹೋಲಿಸಿದ ಬಗೆ

ನಾರ್ತ್ ಕ್ಯಾರೊಲಿನಾದ ನಮ್ಮ ಕನ್ನಡ ಬಳಗದಲ್ಲಿ ಸಿಗರೇಟು ಬಿಡಬೇಕೆನ್ನುವವರು ನನ್ನನ್ನು ಮೊದಲು ಕೇಳುವುದು ಒಂದೇ ಪ್ರಶ್ನೆ: ಯಾವ ಬ್ರ್ಯಾಂಡಿನ ಪೌಚ್ ಒಳ್ಳೆಯದು? ಮೈಸೂರಿನ ಕಾಲೇಜು ದಿನಗಳಲ್ಲಿ ಅಂಟಿಕೊಂಡ ಸಿಗರೇಟನ್ನು ನಾನು ಬಿಟ್ಟಿದ್ದು ಈ ಪೌಚ್‌ಗಳ ಮೂಲಕವೇ. ಅಮೆರಿಕದ ಅಂಗಡಿಗಳಲ್ಲಿ ಸುಲಭವಾಗಿ ಸಿಗುವ ಝಿನ್, ಆನ್, ವೆಲೋ, ರೋಗ್ ನಾಲ್ಕನ್ನೂ ಬಳಸಿದ್ದೇನೆ. ಅವರಿಗೆಲ್ಲ ನಾನು ಹೇಳುವುದು ಇಷ್ಟು: ಹೆಸರನ್ನೂ ರುಚಿಯನ್ನೂ ಕೊನೆಗೆ ನೋಡಿ. ಒಂದು ಪೌಚ್‌ನಲ್ಲಿ ಎಷ್ಟು ಮಿಲಿಗ್ರಾಂ ನಿಕೋಟಿನ್ ಇದೆ, ಅದು ಎಷ್ಟು ಬೇಗ ಬಾಯಿಗೆ ಇಳಿಯುತ್ತದೆ ಎಂಬುದನ್ನು ಮೊದಲು ನೋಡಿ. ಆಮೇಲೆ, ಆ ಬ್ರ್ಯಾಂಡಿನಲ್ಲಿ ಅದಕ್ಕಿಂತ ಕೆಳಗಿನ ಪ್ರಮಾಣ ಸಿಗುತ್ತದೆಯೇ ಎಂದು ವಿಚಾರಿಸಿ. ಕೆಳಗಿಳಿಯುವ ದಾರಿಯೇ ಇಲ್ಲದ ಡಬ್ಬಿಯನ್ನು ಕೊಂಡರೆ ಸಿಗರೇಟಿನ ಜಾಗದಲ್ಲಿ ಇನ್ನೊಂದು ಚಟ ಕೂರುತ್ತದೆ, ಅಷ್ಟೆ.

ಪೌಚ್ ಎಂದರೆ ಮೇಲ್ದುಟಿಗೂ ವಸಡಿಗೂ ನಡುವೆ ಇಟ್ಟುಕೊಳ್ಳುವ ಬೆರಳುಗುರಿನಷ್ಟು ಅಗಲದ ಬಿಳಿ ಚೀಲ. ಒಳಗೆ ಹೊಗೆಸೊಪ್ಪಿನ ಚೂರು ಇರುವುದಿಲ್ಲ. ಸಸ್ಯದ ನಾರಿನ ಪುಡಿ, ಸಿಹಿಕಾರಕ, ಸುವಾಸನೆ, ನಿಕೋಟಿನ್, ಜೊತೆಗೆ ಸೋಡಿಯಂ ಕಾರ್ಬೊನೇಟಿನಂಥ ಕ್ಷಾರ ಇರುತ್ತವೆ. ಈ ಕ್ಷಾರವನ್ನು ಹೆಚ್ಚಿನವರು ಗಮನಿಸುವುದಿಲ್ಲ. ಬಾಯಿಯಲ್ಲಿ ಕ್ಷಾರಗುಣ ಹೆಚ್ಚಿದಷ್ಟೂ ನಿಕೋಟಿನ್ ಬಾಯಿಯ ಒಳಚರ್ಮವನ್ನು ದಾಟಿ ಬೇಗನೆ ರಕ್ತಕ್ಕೆ ಸೇರುತ್ತದೆ, ಆ ಜಾಗದಲ್ಲಿ ಉರಿಯೂ ಹೆಚ್ಚುತ್ತದೆ. ಆದ್ದರಿಂದ ಎರಡು ಡಬ್ಬಿಗಳ ಮೇಲೆ ಒಂದೇ ಅಂಕಿ ಇದ್ದರೂ ಎರಡರ ಪರಿಣಾಮ ಒಂದೇ ಆಗಿರಬೇಕಿಲ್ಲ. ಡಬ್ಬಿಯಲ್ಲಿ ಬರೆದಷ್ಟೂ ನಿಕೋಟಿನ್ ದೇಹಕ್ಕೆ ಸೇರುವುದೂ ಇಲ್ಲ. ಒಂದಷ್ಟು ಚೀಲದಲ್ಲೇ ಉಳಿದು ಕಸದ ಬುಟ್ಟಿಗೆ ಹೋಗುತ್ತದೆ.

ಪಿರಿಯಾಪಟ್ಟಣದಲ್ಲಿ ವರ್ಜೀನಿಯಾ ತಂಬಾಕು ಬೆಳೆಯುವ ನಮ್ಮ ಚಿಕ್ಕಪ್ಪನಿಗೆ ಇದನ್ನು ಫೋನಿನಲ್ಲಿ ವಿವರಿಸಿದಾಗ ಅವರು, ‘ಹೊಗೆಸೊಪ್ಪೇ ಇಲ್ಲದೆ ನಿಕೋಟಿನ್ ಎಲ್ಲಿಂದ ಬರುತ್ತದಪ್ಪ?’ ಎಂದು ಕೇಳಿದರು. ಸರಿಯಾದ ಪ್ರಶ್ನೆ. ಝಿನ್‌ನಲ್ಲಿರುವುದು ತಂಬಾಕಿನ ಎಲೆಯಿಂದಲೇ ಬೇರ್ಪಡಿಸಿ ಶುದ್ಧಗೊಳಿಸಿದ ನಿಕೋಟಿನ್ ಲವಣ. ವೆಲೋ ಪ್ಲಸ್‌ನಂಥ ಕೆಲವಕ್ಕೆ ಪ್ರಯೋಗಾಲಯದಲ್ಲಿ ತಯಾರಿಸಿದ ನಿಕೋಟಿನ್ ಹಾಕುತ್ತಾರೆ. ಚಟ ಹಿಡಿಸುವ ವಿಷಯದಲ್ಲಿ ಎರಡಕ್ಕೂ ವ್ಯತ್ಯಾಸವಿಲ್ಲ. ಮಳೆಯಲ್ಲಿ ನೆಂದ ಹಸಿ ಎಲೆ ಕೀಳುವಾಗ ಕೂಲಿಯವರಿಗೆ ತಲೆಸುತ್ತಿ ವಾಂತಿಯಾಗುವುದನ್ನು ಚಿಕ್ಕಪ್ಪ ನೋಡಿದ್ದಾರೆ. ಚರ್ಮದ ಮೂಲಕ ಒಳಹೋದ ನಿಕೋಟಿನ್ ಮಾಡುವ ಕೆಲಸ ಅದು. ಬರಿಹೊಟ್ಟೆಯಲ್ಲಿ ಹೆಚ್ಚು ಪ್ರಮಾಣದ ಪೌಚ್ ಇಟ್ಟುಕೊಂಡವರಿಗೂ ಅದೇ ಆಗುತ್ತದೆ. ಇಷ್ಟು ಹೇಳಿದ ಮೇಲೆ ಅವರಿಗೆ ಬೇರೆ ವಿವರಣೆ ಬೇಕಾಗಲಿಲ್ಲ.

ಹೋಲಿಸುವುದಕ್ಕೆ ನಾನು ಒಂದು ಕ್ರಮ ಇಟ್ಟುಕೊಂಡೆ. ಪ್ರತಿ ಬ್ರ್ಯಾಂಡನ್ನೂ ದಿನದ ಅದೇ ಹೊತ್ತಿನಲ್ಲಿ, ಊಟವಾದ ಮೇಲೆ, ಪುದೀನಾ ರುಚಿಯಲ್ಲೇ ಬಳಸಿದೆ. ಅರ್ಧ ಗಂಟೆಗೆ ತೆಗೆದುಬಿಡುತ್ತಿದ್ದೆ. ಉರಿ ಎಷ್ಟು, ಜೊಲ್ಲು ಎಷ್ಟು, ಬಿಕ್ಕಳಿಕೆ ಬಂತೇ, ಎಲ್ಲಕ್ಕಿಂತ ಮುಖ್ಯವಾಗಿ ಸಿಗರೇಟಿನ ಚಡಪಡಿಕೆ ಮತ್ತೆ ಯಾವಾಗ ತಲೆಯೆತ್ತಿತು ಎಂಬುದನ್ನು ಬರೆದಿಟ್ಟುಕೊಂಡೆ. ಕಾಫಿ, ಕೋಲಾ, ಹಣ್ಣಿನ ರಸ ಕುಡಿದ ಕೂಡಲೇ ಯಾವ ಪೌಚನ್ನೂ ಅಳೆಯಲು ಹೋಗಲಿಲ್ಲ. ಆಮ್ಲದ ಪಾನೀಯಗಳು ಬಾಯಿಯಲ್ಲಿ ನಿಕೋಟಿನ್ ಹೀರುವಿಕೆಯನ್ನು ತಗ್ಗಿಸುತ್ತವೆ. ನಿಕೋಟಿನ್ ಗಮ್ ಜಗಿಯುವವರಿಗೂ ವೈದ್ಯರು ಹೇಳುವ ಮಾತು ಇದೇ. ಬೆಳಗಿನ ಫಿಲ್ಟರ್ ಕಾಫಿಯ ಬೆನ್ನಿಗೇ ಪೌಚ್ ಇಟ್ಟುಕೊಂಡು, ಇದು ಕೆಲಸಕ್ಕೆ ಬಾರದು ಎಂದು ಇನ್ನೂ ಹೆಚ್ಚಿನ ಪ್ರಮಾಣಕ್ಕೆ ಏರಿದವರನ್ನು ನಾನು ಬಲ್ಲೆ. ಅವರು ಕಾಲು ಗಂಟೆ ತಾಳಿದ್ದರೆ ಸಾಕಿತ್ತು.

ಝಿನ್ ಇಲ್ಲಿ 3 ಮತ್ತು 6 ಮಿಲಿಗ್ರಾಂಗಳಲ್ಲಿ ಸಿಗುತ್ತದೆ, ಡಬ್ಬಿಗೆ 15 ಪೌಚ್. ಚೀಲ ಒಣಗಿರುತ್ತದೆ, ಚಿಕ್ಕದು, ತುಟಿಯ ಕೆಳಗೆ ಉಬ್ಬಿ ಕಾಣುವುದಿಲ್ಲ. ಒಣಗಿರುವುದರಿಂದ ಮೊದಲ ಕೆಲವು ನಿಮಿಷ ಏನೂ ಅನಿಸುವುದಿಲ್ಲ. ಜೊಲ್ಲಿನಲ್ಲಿ ನೆನೆದ ಮೇಲೆ ನಿಕೋಟಿನ್ ನಿಧಾನವಾಗಿ, ಒಂದೇ ಸಮನೆ ಇಳಿಯುತ್ತದೆ. ನನಗೆ ಈ ನಿಧಾನವೇ ಇಷ್ಟವಾಯಿತು. ಸಿಗರೇಟು ಕೊಡುವ ತಟ್ಟನೆಯ ಏಟನ್ನು ಮರೆಯಬೇಕಾದವನಿಗೆ ಅದೇ ಏಟು ಕೊಡುವ ವಸ್ತು ಬೇಡ. ಡಬ್ಬಿಯ ಮುಚ್ಚಳದಲ್ಲಿ ಬಳಸಿದ ಪೌಚ್ ಹಾಕಲು ಪುಟ್ಟ ಗೂಡು ಇರುವುದೂ ಅನುಕೂಲ. ಬಳಸಿದ ಚೀಲದಲ್ಲೂ ನಿಕೋಟಿನ್ ಉಳಿದಿರುವುದರಿಂದ, ಮಕ್ಕಳೋ ನಾಯಿಯೋ ಇರುವ ಮನೆಯಲ್ಲಿ ಅದನ್ನು ಎಲ್ಲೆಂದರಲ್ಲಿ ಎಸೆಯುವಂತಿಲ್ಲ.

ಆನ್ ಇನ್ನೂ ಚಿಕ್ಕದು, ಇನ್ನೂ ಒಣ. ಡಬ್ಬಿಗೆ 20 ಪೌಚ್ ಇರುವುದರಿಂದ ಬೆಲೆಯನ್ನು ಡಬ್ಬಿಗಲ್ಲ, ಒಂದು ಪೌಚ್‌ಗೆ ಲೆಕ್ಕ ಹಾಕಿ ನೋಡಬೇಕು. ಇದರಲ್ಲಿ 2, 4, 8 ಮಿಲಿಗ್ರಾಂ ಇವೆ. ಅದರ 8 ನನಗೆ ಒಗ್ಗಲಿಲ್ಲ, ವಸಡು ಉರಿದು ಬಿಕ್ಕಳಿಕೆ ಹತ್ತಿತು. ದಿನಕ್ಕೆ ಒಂದು ಪ್ಯಾಕಿಗಿಂತ ಹೆಚ್ಚು ಸೇದುವವರ ಮಾತು ಬೇರೆಯಿರಬಹುದು, ಆದರೆ ಉಳಿದವರು ಅದನ್ನು ಮುಟ್ಟುವ ಅಗತ್ಯವೇ ಇಲ್ಲ ಎನ್ನುತ್ತೇನೆ. ಅದೇ ಬ್ರ್ಯಾಂಡಿನ 2 ಮಾತ್ರ ನನ್ನ ಪಾಲಿಗೆ ದೊಡ್ಡ ಉಪಕಾರ ಮಾಡಿತು. ಝಿನ್‌ನ 3ರಿಂದ ನೇರವಾಗಿ ಸೊನ್ನೆಗೆ ಹಾರುವುದು ಕಷ್ಟ. ಆ ನಡುವಿನ ಮೆಟ್ಟಿಲು ಆನ್‌ನಲ್ಲಿದೆ.

ವೆಲೋದ ಚೀಲ ಉದ್ದ, ತುಸು ತೇವ. ಪ್ರಮಾಣಗಳು 2, 4, 7. ವೆಲೋ ಪ್ಲಸ್ ಇನ್ನೂ ತೇವವಾದದ್ದು. ಇಟ್ಟುಕೊಂಡ ಕೂಡಲೇ ರುಚಿ, ತಂಪು, ನಿಕೋಟಿನ್ ಮೂರೂ ಒಟ್ಟಿಗೆ ನುಗ್ಗುತ್ತವೆ. ಬಾಯಿಗೆ ಮೆತ್ತಗಿರುವುದು ನಿಜ, ವಸಡು ಬೇಗ ನೋಯುವವರಿಗೆ ಇದೇ ಹಿತ ಅನಿಸಬಹುದು. ಆದರೆ ನನ್ನ ಟಿಪ್ಪಣಿಯಲ್ಲಿ ಚಡಪಡಿಕೆ ಬೇಗ ಮರಳಿದ್ದು ಈ ತೇವದ ಪೌಚ್‌ಗಳ ಬೆನ್ನಿಗೇ. ಬೇಗ ಏರಿದ್ದು ಬೇಗ ಇಳಿಯಿತು, ಕೈ ಮತ್ತೆ ಡಬ್ಬಿಯತ್ತ ಹೋಯಿತು. ಡಬ್ಬಿ ತೆರೆದಿಟ್ಟರೆ ತೇವ ಆರಿ ಪೌಚ್ ಬೇರೆಯದೇ ವಸ್ತುವಾಗುವುದು ಇನ್ನೊಂದು ತೊಡಕು. ರೋಗ್ ಬಗ್ಗೆ ಹೆಚ್ಚು ಹೇಳುವುದಿಲ್ಲ. 3 ಮತ್ತು 6ರಲ್ಲಿ ಸಿಗುತ್ತದೆ, ನನ್ನ ತುಟಿಗೆ ದಪ್ಪವಾಯಿತು, ಝಿನ್‌ಗಿಂತ ಮೇಲು ಎನ್ನಲು ನನಗೆ ಕಾರಣ ಸಿಗಲಿಲ್ಲ.

2025ರ ಜನವರಿಯಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಝಿನ್‌ನ 20 ಉತ್ಪನ್ನಗಳ ಮಾರಾಟಕ್ಕೆ ಅಧಿಕೃತ ಅನುಮತಿ ನೀಡಿತು. ಸಿಗರೇಟಿಗೆ ಹೋಲಿಸಿದರೆ ಇವುಗಳಲ್ಲಿ ಹಾನಿಕರ ವಸ್ತುಗಳು ಬಹಳ ಕಡಿಮೆ, ಪೂರ್ತಿಯಾಗಿ ಇದಕ್ಕೆ ಬದಲಾಗುವ ವಯಸ್ಕ ಧೂಮಪಾನಿಗಳಿಗೆ ಲಾಭವಿದೆ ಎಂಬುದು ಅದರ ನೆಲೆ. ಇದನ್ನೇ ಹಿಡಿದು ‘ಸರ್ಕಾರವೇ ಸುರಕ್ಷಿತ ಎಂದಿದೆ’ ಎನ್ನುವವರು ಇದ್ದಾರೆ. ಸಂಸ್ಥೆ ಹಾಗೆ ಹೇಳಿಲ್ಲ. ಇವು ಸುರಕ್ಷಿತವಲ್ಲ ಎಂದು ಅದೇ ಪ್ರಕಟಣೆಯಲ್ಲಿ ಸ್ಪಷ್ಟಪಡಿಸಿದೆ. ಇಲ್ಲಿ 21 ತುಂಬದವರಿಗೆ ಮಾರುವಂತಿಲ್ಲ. ಎಂದೂ ಸೇದದ ಹುಡುಗರು ಓದಿಗೆ ಏಕಾಗ್ರತೆ ಬರುತ್ತದೆಂದು ಇದನ್ನು ಹಿಡಿಯುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಅವರಿಗೆ ಬಿಡಲು ಸಿಗರೇಟೇ ಇಲ್ಲ, ಹಿಡಿಯಲು ಮಾತ್ರ ನಿಕೋಟಿನ್ ಇದೆ. ಅರ್ಧ ಸಿಗರೇಟು, ಅರ್ಧ ಪೌಚ್ ಎಂದು ಎರಡನ್ನೂ ಇಟ್ಟುಕೊಂಡವರಿಗೂ ಹೇಳಿಕೊಳ್ಳುವಂಥ ಲಾಭವಿಲ್ಲ.

ನಾನು ಇಳಿದದ್ದು ಹೀಗೆ. ಮೊದಲು ಝಿನ್ 6 ಮಾತ್ರ, ಸಿಗರೇಟು ಪೂರ್ತಿ ಬಂದ್. ಸಿಗರೇಟಿನ ನೆನಪು ದಿನವಿಡೀ ಕಾಡದಂತಾದ ಮೇಲೆ ಮಧ್ಯಾಹ್ನದ ಪೌಚ್‌ಗಳನ್ನು 3ಕ್ಕೆ ಇಳಿಸಿದೆ. ಬೆಳಗಿನ ಮೊದಲನೆಯದನ್ನು ಕೊನೆಗೆ ಬಿಟ್ಟುಕೊಂಡೆ, ಏಕೆಂದರೆ ರಾತ್ರಿಯಿಡೀ ನಿಕೋಟಿನ್ ಇಲ್ಲದ ದೇಹ ಹೆಚ್ಚು ಹಟ ಮಾಡುವುದು ಆಗಲೇ. ಎಲ್ಲವೂ 3 ಆದ ಮೇಲೆ ಆನ್ 2. ಆಮೇಲೆ ಪ್ರಮಾಣ ಬಿಟ್ಟು ಸಂಖ್ಯೆಯನ್ನು ಕಡಿಮೆ ಮಾಡಿದೆ. ಪ್ರತಿ ಸಲ ಬಾಯಿಯ ಎಡಬಲ ಬದಲಿಸುತ್ತಿದ್ದೆ, ಒಂದೇ ಜಾಗದಲ್ಲಿಟ್ಟರೆ ವಸಡು ಕೆಂಪಾಗಿ ಸವೆಯುತ್ತದೆ. ದಂತವೈದ್ಯರಿಗೆ ವಿಷಯ ತಿಳಿಸಿ ಪ್ರತಿ ತಪಾಸಣೆಯಲ್ಲೂ ಆ ಜಾಗ ತೋರಿಸಿದೆ. ಈಗ ರಾತ್ರಿ ಊಟದ ನಂತರದ ಒಂದು 2 ಮಾತ್ರ ಉಳಿದಿದೆ.

ಬೆಂಗಳೂರಿನ ಗೆಳೆಯರು ಊರಿಗೆ ಬರುವಾಗ ಡಬ್ಬಿ ತರಲು ಹೇಳುತ್ತಾರೆ. ನಾನು ತರುವುದಿಲ್ಲ. 2 ಮಿಲಿಗ್ರಾಂ ನಿಕೋಟಿನ್ ಗಮ್ ಅಲ್ಲಿನ ಔಷಧ ಅಂಗಡಿಯಲ್ಲೇ ಸಿಗುತ್ತದೆ. ಧೂಮಪಾನ ಬಿಡಿಸಲೆಂದೇ ಪರೀಕ್ಷಿಸಿ ಒಪ್ಪಿದ ವಸ್ತು ಅದು, ಪೌಚ್‌ಗೆ ಆ ಮನ್ನಣೆ ಇನ್ನೂ ಇಲ್ಲ. ಜಗಿದು, ಖಾರ ಹತ್ತಿದಾಗ ಕೆನ್ನೆಯ ಮೂಲೆಗೆ ಒತ್ತಿಟ್ಟು, ಮತ್ತೆ ಜಗಿಯಬೇಕು. ಚ್ಯೂಯಿಂಗ್ ಗಮ್ಮಿನಂತೆ ಸತತವಾಗಿ ಅಗಿದರೆ ನಿಕೋಟಿನ್ ಹೊಟ್ಟೆಗೆ ಹೋಗಿ ವ್ಯರ್ಥವಾಗುತ್ತದೆ. ಹೃದಯದ ತೊಂದರೆ ಇರುವವರು, ಗರ್ಭಿಣಿಯರು ಅದನ್ನೂ ವೈದ್ಯರನ್ನು ಕೇಳದೆ ತೆಗೆದುಕೊಳ್ಳಬಾರದು.