ತಳಿ ಬೆಕ್ಕು ತರುವ ಮುಂಚೆ: ಯಾವುದು ಏನೆಂದು ಗುರುತಿಸುವುದು ಹೇಗೆ?

ಕಳೆದ ತಿಂಗಳು ಪಕ್ಕದ ತೋಟದ ಲೈನ್ ಮನೆಯ ಹುಡುಗಿಯೊಬ್ಬಳು ಬುಟ್ಟಿಯಲ್ಲಿ ಒಂದು ಮರಿ ಇಟ್ಟುಕೊಂಡು ಓಡಿ ಬಂದಳು. "ಅಕ್ಕಾ, ಇದು ಬೆಂಗಾಲ್ ಬೆಕ್ಕು ಅಲ್ವಾ? ಮೊಬೈಲಲ್ಲಿ ನೋಡಿದ್ದೆ, ಹೀಗೇ ಚುಕ್ಕೆ ಇರುತ್ತೆ." ಕಾಫಿ ಗಿಡದ ಬುಡದಲ್ಲಿ ಸಿಕ್ಕಿತಂತೆ. ನೋಡಿದ ಕೂಡಲೇ ನನ್ನ ಎದೆ ಧಸಕ್ಕೆಂದಿತು. ಅದು ಕಾಡಿನ ಚಿರತೆ ಬೆಕ್ಕಿನ ಮರಿ.

ಕೊಡಗಿನವರು ಮೊದಲು ಕಲಿಯಬೇಕಾದ್ದು ಇದನ್ನೇ. ಚಿರತೆ ಬೆಕ್ಕು ನಮ್ಮ ತೋಟಗಳಲ್ಲೇ ರಾತ್ರಿ ಓಡಾಡುತ್ತದೆ, ಗಾತ್ರ ಮನೆ ಬೆಕ್ಕಿನಷ್ಟೇ. ಕಿವಿಯ ಹಿಂಭಾಗ ನೋಡಿ: ಕಪ್ಪು, ನಡುವೆ ಒಂದು ಬಿಳಿ ಮಚ್ಚೆ. ಕಣ್ಣಿನ ಒಳಮೂಲೆಯಿಂದ ಹಣೆಯತ್ತ ಬಿಳಿ ಗೆರೆ. ಇಂಥ ಮರಿ ತೋಟದಲ್ಲಿ ಕಂಡರೆ ಎತ್ತಬೇಡಿ, ತಾಯಿ ಅಲ್ಲೇ ಎಲ್ಲೋ ಇರುತ್ತದೆ. ಎತ್ತಿದ್ದರೆ ಅರಣ್ಯ ಇಲಾಖೆಗೆ ತಿಳಿಸಿ, ಸಿಕ್ಕಿದ ಜಾಗದಲ್ಲೇ ಬಿಡುವ ವ್ಯವಸ್ಥೆ ಮಾಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅದನ್ನು ಸಾಕುವುದು ಅಪರಾಧ. ನಾವು ಇಲಾಖೆಯವರಿಗೆ ಫೋನ್ ಮಾಡಿ, ಅವರು ಹೇಳಿದಂತೆ ಸಂಜೆ ಅದೇ ಗಿಡದ ಬುಡದಲ್ಲಿ ಮರಿ ಇಟ್ಟೆವು, ಬೆಳಿಗ್ಗೆ ನೋಡಿದರೆ ತಾಯಿ ಒಯ್ದಿತ್ತು.

ಹುಡುಗಿಯ ಊಹೆ ಪೂರ್ತಿ ತಪ್ಪೂ ಅಲ್ಲ. ಬೆಂಗಾಲ್ ತಳಿ ಆಗಿದ್ದೇ ಚಿರತೆ ಬೆಕ್ಕನ್ನು ಮನೆ ಬೆಕ್ಕಿನ ಜೊತೆ ಕೂಡಿಸಿ. ಅಮೆರಿಕದ ಜೀನ್ ಮಿಲ್ ಎಂಬವರು 1960ರ ದಶಕದಲ್ಲಿ ಶುರು ಮಾಡಿ, 1980ರ ದಶಕದಲ್ಲಿ ಮತ್ತೆ ಕೈಗೆತ್ತಿಕೊಂಡು ತಳಿಯಾಗಿ ನಿಲ್ಲಿಸಿದರು. ಅದಕ್ಕೇ ಬೆಂಗಾಲ್ ಬೆಕ್ಕಿಗೆ ಓಡಾಟ, ಹತ್ತುವುದು, ಬೇಟೆ ಎಲ್ಲ ಜಾಸ್ತಿ. ಚಿಕ್ಕ ಮನೆಯಲ್ಲಿ ಕೂಡಿ ಹಾಕಿದರೆ ಅದಕ್ಕೂ ಹಿಂಸೆ, ನಿಮಗೂ ಹಿಂಸೆ.

ನನ್ನ ಮಾತು ಇಷ್ಟೇ: ತಳಿಯ ಹೆಸರು ಕೇಳಿದ ಕೂಡಲೇ ಅದು ಎಲ್ಲಿಂದ, ಹೇಗೆ ಬಂತು ಎಂದು ಹುಡುಕಿ. ಬೆಕ್ಕಿನ ಸ್ವಭಾವ, ಕಾಯಿಲೆ, ನಮ್ಮ ಮಳೆಗೆ ಅದು ಒಗ್ಗುತ್ತದಾ ಇಲ್ಲವಾ ಎಲ್ಲ ಅಲ್ಲೇ ಸಿಗುತ್ತದೆ. ಹೆಸರನ್ನು ಮಾತ್ರ ನಂಬಬೇಡಿ. ಬಾಂಬೆ ಎಂಬ ಕರಿ ಬೆಕ್ಕು ಹುಟ್ಟಿದ್ದು ಅಮೆರಿಕದ ಕೆಂಟಕಿಯಲ್ಲಿ, ನಮ್ಮ ದೇಶದ ಕರಿ ಚಿರತೆಯ ನೆನಪಿಗೆ ಆ ಹೆಸರು. ಹಿಮಾಲಯನ್ ಬೆಕ್ಕಿಗೂ ಹಿಮಾಲಯಕ್ಕೂ ಸಂಬಂಧವಿಲ್ಲ, ಅದು ಪರ್ಷಿಯನ್ ಮತ್ತು ಸಯಾಮೀಸ್ ಸೇರಿಸಿ ಮಾಡಿದ್ದು.

ಇಲ್ಲಿ ಜಾಸ್ತಿ ಮಾರುವುದು ಪರ್ಷಿಯನ್. ಮೂತಿ ಎಷ್ಟು ಚಪ್ಪಟೆ ಎಂಬುದನ್ನು ನೋಡಿ ಮಾರುವವರು ಡಾಲ್ ಫೇಸ್, ಸೆಮಿ ಪಂಚ್, ಪಂಚ್ ಫೇಸ್ ಎನ್ನುತ್ತಾರೆ, ಪಂಚ್ ಫೇಸ್ ಅಂದರೆ ತೀರಾ ಚಪ್ಪಟೆ. ಮೂತಿ ಒಳಗೆ ಹೋದಷ್ಟೂ ರೇಟು ಮೇಲೆ. ಆದರೆ ಮೂತಿ ಒಳಗೆ ಹೋದಷ್ಟೂ ಉಸಿರಾಟ ಕಷ್ಟ, ಕಣ್ಣಲ್ಲಿ ಸದಾ ನೀರು, ಊಟ ಮಾಡಲೂ ಪರದಾಟ. ದಯವಿಟ್ಟು ಪಂಚ್ ಫೇಸ್ ಕೇಳಬೇಡಿ. ಪಕ್ಕದಿಂದ ನೋಡಿದಾಗ ಮೂಗು ಕಾಣುವಂಥ ಮರಿ ಆರಿಸಿ. ಈ ತಳಿಯಲ್ಲಿ ಮೂತ್ರಪಿಂಡದಲ್ಲಿ ನೀರುಗುಳ್ಳೆ ಬೆಳೆಯುವ ಕಾಯಿಲೆ ವಂಶದಲ್ಲೇ ಬರುತ್ತದೆ, ಡಿಎನ್‌ಎ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ, ತಂದೆ ತಾಯಿಗೆ ಮಾಡಿಸಿದ್ದೀರಾ ಎಂದು ಕೇಳಿ. ಇನ್ನು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಮ್ಮ ಮಳೆ! ಆ ಉದ್ದ ಕೂದಲು ಒಣಗುವುದೇ ಇಲ್ಲ, ಗಂಟು ಕಟ್ಟುತ್ತದೆ, ಅಡಿಯಲ್ಲಿ ಹುಳುಕಡ್ಡಿ ಏಳುತ್ತದೆ, ಹೊರಗೆ ಬಿಟ್ಟರೆ ಜಿಗಣೆ ಕಾಣುವುದೂ ಇಲ್ಲ. ದಿನಾ ಬಾಚುವ ಪುರುಸೊತ್ತು ಇಲ್ಲದವರು ತರಬೇಡಿ.

ಸಯಾಮೀಸ್ ಗುರುತಿಸುವುದು ಸುಲಭ: ನೀಲಿ ಕಣ್ಣು, ಕೆನೆ ಬಣ್ಣದ ಮೈ, ಮುಖ, ಕಿವಿ, ಕಾಲು, ಬಾಲ ಮಾತ್ರ ಕಪ್ಪಗೆ. ಮೂಲ ಥಾಯ್ಲೆಂಡ್. ಬಣ್ಣ ಕೊಡುವ ಕಿಣ್ವ ಮೈಯ ತಂಪಾದ ಭಾಗದಲ್ಲಿ ಮಾತ್ರ ಕೆಲಸ ಮಾಡುತ್ತದೆ. ತಾಯಿಯ ಹೊಟ್ಟೆಯ ಬಿಸಿಯಲ್ಲಿದ್ದ ಮರಿ ಬೆಳ್ಳಗೆ ಹುಟ್ಟಿ, ಆಮೇಲೆ ತುದಿಗಳು ಕಪ್ಪಾಗುತ್ತಾ ಬರುತ್ತವೆ. ಮಂಗಳೂರಿನ ಸೆಕೆಯಿಂದ ಮಡಿಕೇರಿಯ ಚಳಿಗೆ ತಂದ ಮರಿಯ ಬಣ್ಣ ಗಾಢವಾದರೆ ಗಾಬರಿ ಬೇಡ. ತುಂಬ ಕೂಗುತ್ತದೆ, ಜನ ಬೇಕೇ ಬೇಕು.

ಮಡಚಿದ ಕಿವಿಯ ಸ್ಕಾಟಿಷ್ ಫೋಲ್ಡ್ ಬಗ್ಗೆ ಮಾತ್ರ ನಾನು ನೇರವಾಗಿ ಬೇಡ ಅನ್ನುತ್ತೇನೆ. 1961ರಲ್ಲಿ ಸ್ಕಾಟ್ಲೆಂಡಿನ ಒಂದು ಕೊಟ್ಟಿಗೆಯಲ್ಲಿ ಸಿಕ್ಕಿದ ಸೂಸಿ ಎಂಬ ಬಿಳಿ ಬೆಕ್ಕಿನಿಂದ ಈ ತಳಿ ಬಂತು. ಕಿವಿ ಮಡಚುವ ಅದೇ ಜೀನ್ ಇಡೀ ಮೈಯ ಮೃದ್ವಸ್ಥಿಯನ್ನು ಕೆಡಿಸುತ್ತದೆ, ಕಾಲಿನ ಕೀಲು ನೋಯುತ್ತದೆ. ಕಾಲು ಚಾಚಿ ಕೂತ ಫೋಟೋ ಮುದ್ದಾಗಿ ಕಾಣುತ್ತದೆ, ಎಷ್ಟೋ ಸಲ ಅದು ನೋವಿಗೆ ಕೂತಿರುವುದು.

ಹಾಗಾದರೆ ನಮ್ಮ ಮನೆಯ ಬೆಕ್ಕು ಯಾವ ತಳಿ? ಯಾವುದೂ ಅಲ್ಲ, ನಾಟಿ ಬೆಕ್ಕು. ಕೊಡವರ ಮನೆಯಲ್ಲಿ ಪೂಚೆ. ಮೀನಿನ ಮುಳ್ಳಿನಂಥ ಪಟ್ಟೆ ಇದ್ದರೆ ಅದು ಎಲ್ಲ ಮನೆ ಬೆಕ್ಕುಗಳ ಮೂಲವಾದ ಆಫ್ರಿಕಾದ ಕಾಡುಬೆಕ್ಕಿನಿಂದ ಬಂದ ಗುರುತು. ಆ ಬೆಕ್ಕು ಮನುಷ್ಯರ ಹತ್ತಿರ ಬಂದಿದ್ದೇ ಧಾನ್ಯ ತಿನ್ನುವ ಇಲಿಗಳ ಆಸೆಗೆ. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷ ಹಿಂದೆ ಮನುಷ್ಯನ ಪಕ್ಕದಲ್ಲೇ ಹೂತ ಬೆಕ್ಕು ಸಿಕ್ಕಿದೆ. ತಳಿ ಎಂದು ಬೇರೆ ಮಾಡಿ ಸಾಕುವುದು ಜೋರಾಗಿದ್ದು ತೀರಾ ಈಚೆಗೆ, 1871ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್‌ನಲ್ಲಿ ಬೆಕ್ಕಿನ ಪ್ರದರ್ಶನ ನಡೆದ ಮೇಲೆ. ಭತ್ತ, ಕಾಫಿ ಮೂಟೆ ಇರುವ ಸ್ಟೋರಿಗೆ ನಾಟಿ ಬೆಕ್ಕಿನಷ್ಟು ಒಳ್ಳೆಯದು ಇನ್ನೊಂದಿಲ್ಲ. ಗಿಡ್ಡ ಕೂದಲು, ಮಳೆಯಲ್ಲಿ ನೆನೆದರೂ ಒಲೆ ಪಕ್ಕ ಕೂತು ಬೇಗ ಒಣಗುತ್ತದೆ.

ದುಡ್ಡು ಕೊಟ್ಟು ತರುವುದೇ ಆದರೆ ತಾಯಿ ಬೆಕ್ಕನ್ನು ಕಣ್ಣಾರೆ ನೋಡಿ, ಎರಡು ತಿಂಗಳು ತುಂಬದ ಮರಿ ಬೇಡ, ಲಸಿಕೆ ಕಾರ್ಡ್ ಕೇಳಿ ಪಡೆಯಿರಿ.

ನಮ್ಮ ಸ್ಟೋರಿನ ಬೆಕ್ಕು ಈಗ ನಾಲ್ಕು ಮರಿ ಹಾಕಿದೆ. ಒಂದು ಮೂರು ಬಣ್ಣದ್ದು, ಅಂದರೆ ಹೆಚ್ಚುಕಮ್ಮಿ ಖಂಡಿತ ಹೆಣ್ಣು, ಕೆಂಪು ಬಣ್ಣದ ಜೀನ್ ಎಕ್ಸ್ ಕ್ರೋಮೋಸೋಮಿನಲ್ಲಿ ಇರುವುದರಿಂದ ಹಾಗೆ. ಲೈನ್ ಮನೆಯ ಹುಡುಗಿ ಆಗಲೇ ಅದಕ್ಕೆ ಹೆಸರಿಟ್ಟಾಗಿದೆ, ದಿನಾ ಸಂಜೆ ಬಂದು ಇನ್ನೆಷ್ಟು ದಿನ ಎಂದು ಕೇಳುತ್ತಾಳೆ.