‘ತಕ್ಷಣ’ ಎನ್ನಲು ಇಂಗ್ಲಿಷ್‌ನಲ್ಲಿ ಯಾವ ಪದ?

ಎಲ್ಲದಕ್ಕೂ ‘ಇಮ್ಮೀಡಿಯೆಟ್’ ಬಳಸುವವರು ಜಾಸ್ತಿ. ನಾನೂ ತುಂಬಾ ದಿನ ಹಾಗೇ ಬರೆಯುತ್ತಿದ್ದೆ. ಆದರೆ ಪದಕ್ಕೊಂದು ಜಾಗ ಇದೆ.

ಇಮ್ಮೀಡಿಯೆಟ್ ಪದದ ಲ್ಯಾಟಿನ್ ಮೂಲದಲ್ಲೇ ‘ನಡುವೆ ಏನೂ ಇಲ್ಲದ’ ಎಂಬ ಅರ್ಥವಿದೆ. ಇದನ್ನು ನೆನಪಿಟ್ಟರೆ ಸಾಕು. ಒಂದು ಆದ ಕೂಡಲೇ ಇನ್ನೊಂದು ಆದರೆ ‘ಇಮ್ಮೀಡಿಯೆಟ್ ಆಕ್ಷನ್’. ‘ಇಮ್ಮೀಡಿಯೆಟ್ ಫ್ಯಾಮಿಲಿ’ ಅಂದಾಗ ಅವಸರದ ಮಾತೇ ಇಲ್ಲ, ತೀರಾ ಹತ್ತಿರದ ಕುಟುಂಬ ಎಂದರ್ಥ. ನಡುವೆ ಬೇರೆ ಯಾರೂ ಇಲ್ಲ, ಅಲ್ವಾ?

ಕಣ್ಣು ಮಿಟುಕಿಸುವಷ್ಟರಲ್ಲಿ ಆಗುವುದಕ್ಕೆ ‘ಇನ್‌ಸ್ಟಂಟ್’.

ನನಗೆ ತುಂಬಾ ಇಷ್ಟವಾದದ್ದು ‘ಪ್ರಾಂಪ್ಟ್’. ತಡಮಾಡದೆ ಕೆಲಸ ಮಾಡಿದವರ ಬಗ್ಗೆ ಇದರಲ್ಲಿ ಮೆಚ್ಚುಗೆಯೂ ಇರುತ್ತದೆ. ಪತ್ರದಲ್ಲಿ ‘ಥ್ಯಾಂಕ್ ಯೂ ಫಾರ್ ಯುವರ್ ಪ್ರಾಂಪ್ಟ್ ರಿಪ್ಲೈ’ ಎಂದು ಬರೆಯಿರಿ. ಓದಿದವರಿಗೂ ಖುಷಿಯಾಗುತ್ತದೆ.

‘ಕ್ವಿಕ್’ ಬೇರೆ. ಅದು ಸ್ವಲ್ಪ ಹೊತ್ತಿನಲ್ಲಿ ಮುಗಿಯುವುದಕ್ಕೆ, ಉದಾಹರಣೆಗೆ ‘ಕ್ವಿಕ್ ಕ್ವೆಶ್ಚನ್’. ಓಟದ ವೇಗಕ್ಕೆ ‘ಫಾಸ್ಟ್’: ‘ಫಾಸ್ಟ್ ಕಾರ್’.

ಇನ್ನೊಂದು ಮಾತು. ಇವು ನಾಮಪದದ ಜೊತೆ ಬರುವ ರೂಪಗಳು. ಕ್ರಿಯಾಪದದ ಜೊತೆ ಬಂದಾಗ ಕೊನೆಗೆ ‘ಲಿ’ ಸೇರಿಸಬೇಕು. ‘ರಿಪ್ಲೈ ಇಮ್ಮೀಡಿಯೆಟ್’ ತಪ್ಪು, ‘ರಿಪ್ಲೈ ಇಮ್ಮೀಡಿಯೆಟ್ಲಿ’ ಸರಿ. ‘ಫಾಸ್ಟ್’ ಮಾತ್ರ ಹಾಗೇ ಉಳಿಯುತ್ತದೆ. ‘ಫಾಸ್ಟ್ಲಿ’ ಎಂದು ಬರೆಯಬೇಡಿ.