ಪ್ರಾರ್ಥನೆಯ ಜೊತೆಗೇ ಒಂದು ಕೆಲಸ: ಕ್ಯಾಥೊಲಿಕ್ ಶಾಲೆಯ ಮಕ್ಕಳನ್ನು ಬೆಳೆಸುವ ಬಗ್ಗೆ

ಸಕಲೇಶಪುರದ ಒಂದು ಕಾನ್ವೆಂಟ್ ಶಾಲೆಯಲ್ಲಿ ನಾನು ನಾಲ್ಕು, ಐದನೇ ಕ್ಲಾಸಿನ ಮಕ್ಕಳಿಗೆ ಪಾಠ ಹೇಳುತ್ತೇನೆ. ಭಾನುವಾರ ಪೂಜೆ ಮುಗಿದ ಮೇಲೆ ಚರ್ಚಿನಲ್ಲಿ ಧರ್ಮೋಪದೇಶದ ಕ್ಲಾಸೂ ನನ್ನದೇ. ಮಕ್ಕಳಲ್ಲಿ ಭಕ್ತಿ, ಒಳ್ಳೆಯ ಗುಣ ಎರಡೂ ಬೆಳೆಯಬೇಕಾದರೆ ಏನು ಮಾಡಬೇಕು ಅಂತ ಹೊಸ ಟೀಚರ್‌ಗಳೂ ಕೇಳುತ್ತಾರೆ, ತಂದೆತಾಯಂದಿರೂ ಕೇಳುತ್ತಾರೆ. ನಾನು ಹೇಳುವುದು ಇಷ್ಟೇ. ಮಗು ಯಾವುದಕ್ಕಾಗಿ ಪ್ರಾರ್ಥಿಸಿತೋ, ಅದಕ್ಕೆ ಸಂಬಂಧಪಟ್ಟ ಒಂದು ಚಿಕ್ಕ ಕೆಲಸವನ್ನು ಅವತ್ತೇ ಅದರ ಕೈಯಿಂದ ಮಾಡಿಸಿ.

ಬೆಳಗಿನ ಅಸೆಂಬ್ಲಿಯಿಂದಲೇ ಶುರು ಮಾಡಬಹುದು. "ಕಾಯಿಲೆಯವರಿಗಾಗಿ ಪ್ರಾರ್ಥಿಸೋಣ" ಅಂತ ಮಕ್ಕಳು ಪ್ರತಿದಿನ ಹೇಳುತ್ತಾರೆ. ಯಾವ ಕಾಯಿಲೆಯವರು ಅಂತ ಅವರಿಗೆ ಗೊತ್ತಿರುವುದಿಲ್ಲ. ಅದಕ್ಕೇ ಮೊದಲು ಕ್ಲಾಸಲ್ಲಿ ಯಾರು ಬಂದಿಲ್ಲ ಅಂತ ಕೇಳಿ. ಜುಲೈ, ಆಗಸ್ಟ್ ಮಳೆಯಲ್ಲಿ ನಮ್ಮ ಕಡೆ ಒಬ್ಬರಲ್ಲ ಒಬ್ಬರಿಗೆ ಜ್ವರ ಇದ್ದೇ ಇರುತ್ತದೆ. ಆ ಮಗುವಿನ ಹೆಸರು ಹೇಳಿ ಪ್ರಾರ್ಥಿಸಲಿ. ಸಂಜೆಯೊಳಗೆ ಒಬ್ಬರು ಅದರ ನೋಟ್ಸ್ ಬರೆದಿಡಲಿ, ತೋಟದ ಕೂಲಿಮನೆಗಳ ಅದೇ ಲೈನಿನಲ್ಲಿ ಮನೆ ಇರುವವರು ತಲುಪಿಸಲಿ. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ತೋಟದ ಮಕ್ಕಳು ಜಾಸ್ತಿ ರಜೆ ಹಾಕುತ್ತಾರೆ, ಆಗಲೂ ಹೀಗೇ ಮಾಡಿ.

ಮನೆಯಲ್ಲಿ ಮಾಡಬೇಕಾದ್ದು ಇದಕ್ಕಿಂತ ದೊಡ್ಡದು. ಕ್ಯಾಥೊಲಿಕ್ ಬಿಷಪ್‌ಗಳ ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲಿ ಶಿಕ್ಷಣದ ಬಗ್ಗೆ ಹೊರಡಿಸಿದ ಘೋಷಣೆ, ಮಕ್ಕಳ ಮೊದಲ ಮತ್ತು ಮುಖ್ಯ ಶಿಕ್ಷಕರು ತಂದೆತಾಯಿಗಳೇ ಎಂದು ಹೇಳುತ್ತದೆ. "ಕಾನ್ವೆಂಟಿಗೆ ಸೇರಿಸಿದ್ದೀವಿ, ಸಿಸ್ಟರ್ ನೋಡ್ಕೋತಾರೆ" ಅಂದರೆ ಆಗುವುದಿಲ್ಲ. ರಾತ್ರಿ ಊಟ ಆದ ಮೇಲೆ ಜಪಸರ ಪೂರ್ತಿ ಹೇಳಲು ಮಕ್ಕಳಿಗೆ ನಿದ್ದೆ ಬಿಡದಿದ್ದರೆ ಒಂದು ಹತ್ತು ಮಣಿ ಸಾಕು. ಆಮೇಲೆ ಟಿವಿ, ಮೊಬೈಲ್ ಆಫ್ ಮಾಡಿ ಮೂರು ಪ್ರಶ್ನೆ ಕೇಳಿ. ಇವತ್ತು ಯಾವುದಕ್ಕೆ ದೇವರಿಗೆ ಥ್ಯಾಂಕ್ಸ್ ಹೇಳಬೇಕು? ನಿನ್ನಿಂದ ಯಾರಿಗಾದರೂ ನೋವಾಯಿತಾ? ನಾಳೆ ಅವರಿಗೆ ಏನು ಮಾಡ್ತೀಯಾ? ಸಂತ ಇಗ್ನೇಷಿಯಸ್ 16ನೇ ಶತಮಾನದಲ್ಲಿ ಕಲಿಸಿದ ಆತ್ಮಶೋಧನೆಯನ್ನೇ ನಾನು ಮಕ್ಕಳ ಮಟ್ಟಕ್ಕೆ ಇಳಿಸಿದ್ದೇನೆ. ಮೊದಲು ಅಪ್ಪ, ಅಮ್ಮ ಉತ್ತರ ಹೇಳಬೇಕು. "ನಾನು ಇವತ್ತು ಅಜ್ಜಿ ಮೇಲೆ ಸುಮ್ಸುಮ್ನೆ ರೇಗಿದೆ, ನಾಳೆ ಬೆಳಿಗ್ಗೆ ಸಾರಿ ಕೇಳ್ತೀನಿ" ಅಂತ ಅಪ್ಪನ ಬಾಯಲ್ಲಿ ಬಂದರೆ, ಮಗುವೂ ಹೆದರದೆ ಬಾಯಿ ಬಿಡುತ್ತದೆ.

ಇನ್ನು ತಪ್ಪು ಮಾಡಿದಾಗ. ಗುಣ ರೂಪುಗೊಳ್ಳುವುದು ಇಲ್ಲೇ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಐದನೇ ಕ್ಲಾಸಿನ ಒಬ್ಬ ಹುಡುಗ ಪಕ್ಕದವನ ಜಾಮಿಟ್ರಿ ಬಾಕ್ಸಿನಿಂದ ಕೈವಾರ ತೆಗೆದುಕೊಂಡಿದ್ದ. ಬ್ಯಾಗಿನ ತಳದಲ್ಲಿ ಸಿಕ್ಕಿತು. ಕ್ಲಾಸೆಲ್ಲ "ಕಳ್ಳ, ಕಳ್ಳ" ಅನ್ನಲು ಶುರು ಮಾಡಿತು. ಅವನನ್ನು ವರಾಂಡಕ್ಕೆ ಕರೆದುಕೊಂಡು ಹೋದೆ. ಬೈಯಲಿಲ್ಲ. ಜಕ್ಕಾಯನ ಕಥೆ ನೆನಪಿದೆಯಾ ಅಂತ ಕೇಳಿದೆ. ಬೈಬಲಿನ ಲೂಕನ ಶುಭಸಂದೇಶದ 19ನೇ ಅಧ್ಯಾಯದಲ್ಲಿ ಬರುವ ಜೆರಿಕೊ ಊರಿನ ಕುಳ್ಳ ಸುಂಕದವನು. ಯೇಸುಸ್ವಾಮಿಯನ್ನು ನೋಡಲು ಮರ ಹತ್ತಿದವನು. ಮರ ಹತ್ತಿದ್ದು ಎಲ್ಲ ಮಕ್ಕಳಿಗೂ ಗೊತ್ತು. ಆಮೇಲೆ ಅವನು ಆಸ್ತಿಯಲ್ಲಿ ಅರ್ಧ ಬಡವರಿಗೆ ಕೊಟ್ಟಿದ್ದು, ಮೋಸ ಮಾಡಿದವರಿಗೆ ನಾಲ್ಕರಷ್ಟು ವಾಪಸ್ ಕೊಡುತ್ತೇನೆ ಅಂದಿದ್ದು ಮರೆತಿರುತ್ತಾರೆ. "ನೀನು ಏನು ಕೊಡ್ತೀಯಾ?" ಅಂತ ಕೇಳಿ ಸುಮ್ಮನೆ ನಿಂತೆ. ಹುಡುಗ ತುಂಬಾ ಹೊತ್ತು ಶೂ ನೋಡಿಕೊಂಡಿದ್ದ. "ಕೈವಾರ ಕೊಡ್ತೀನಿ ಮಿಸ್. ಮತ್ತೆ ಈ ವಾರ ಅವನ ಪೆನ್ಸಿಲೆಲ್ಲ ನಾನೇ ಚೂಪು ಮಾಡಿಕೊಡ್ತೀನಿ" ಅಂದ. ಮಾಡಿಕೊಟ್ಟ ಕೂಡ. ನೂರು ಸಲ ಇಂಪೊಸಿಷನ್ ಬರೆಸಿದರೆ ಕೈ ನೋಯುತ್ತದೆ, ಅನ್ಯಾಯವಾದವನಿಗೆ ಏನೂ ಸಿಗುವುದಿಲ್ಲ. ಶಿಕ್ಷೆಯನ್ನು ನೀವು ವಿಧಿಸುವ ಬದಲು, ಕೆಡಿಸಿದ್ದನ್ನು ಸರಿಮಾಡುವ ದಾರಿಯನ್ನು ಮಗುವೇ ಹುಡುಕಲಿ. ಅದು ಹೇಳಿದ್ದು ತೀರಾ ಕಮ್ಮಿ ಅನ್ನಿಸಿದರೆ "ಇನ್ನೂ ಸ್ವಲ್ಪ ಯೋಚಿಸು" ಅನ್ನಿ.

ಮೊದಲ ಪಾಪನಿವೇದನೆಗೆ, ಅಂದರೆ ಮಗು ಮೊದಲ ಸಲ ಚರ್ಚಿನ ಗುರುಗಳ ಹತ್ತಿರ ತನ್ನ ತಪ್ಪುಗಳನ್ನು ಒಪ್ಪಿಕೊಳ್ಳುವುದಕ್ಕೆ, ತಯಾರು ಮಾಡುವಾಗಲೂ ನಾನು ಜಕ್ಕಾಯನನ್ನೇ ಹಿಡಿದುಕೊಳ್ಳುತ್ತೇನೆ. ಗುರುಗಳ ಹತ್ತಿರ ಹೋಗುವ ಮುಂಚೆಯೇ ಜಗಳ ಆಡಿದ ತಂಗಿಯ ಹತ್ತಿರ ಮಾತಾಡಿ ಬಾ ಅನ್ನುತ್ತೇನೆ. ತಂದೆತಾಯಂದಿರಲ್ಲಿ ಒಂದು ವಿನಂತಿ: ಹೊರಗೆ ಬಂದ ಮಗುವನ್ನು "ಏನು ಹೇಳಿದೆ?" ಅಂತ ಕೇಳಬೇಡಿ, ತಮಾಷೆಗೂ ಬೇಡ. ಗುರುಗಳು ಅದನ್ನು ಯಾರಿಗೂ ಹೇಳುವ ಹಾಗಿಲ್ಲ, ನೀವೂ ಕೆದಕುವ ಹಾಗಿಲ್ಲ. ಹಾಗೆಯೇ ಮೊದಲ ಪರಮಪ್ರಸಾದಕ್ಕೆ, ಅಂದರೆ ಪೂಜೆಯಲ್ಲಿ ಯೇಸುಸ್ವಾಮಿಯ ಶರೀರವೆಂದು ಕೊಡುವ ರೊಟ್ಟಿಯನ್ನು ಮೊದಲ ಸಲ ಸ್ವೀಕರಿಸುವುದಕ್ಕೆ, ಪ್ರಶ್ನೋತ್ತರಗಳನ್ನೆಲ್ಲ ಉರು ಹೊಡೆಸಿ ಮಗುವನ್ನು ಹೆದರಿಸಬೇಡಿ. 1910ರಲ್ಲಿ ಪೋಪ್ ಹತ್ತನೇ ಪಯಸ್ ಆ ವಯಸ್ಸನ್ನು ಏಳರ ಆಸುಪಾಸಿಗೆ ಇಳಿಸಿದಾಗ ಪೂರ್ತಿ ಜ್ಞಾನ ಬೇಕು ಅನ್ನಲಿಲ್ಲ. ಇದು ಮಾಮೂಲಿ ರೊಟ್ಟಿಯಲ್ಲ ಅಂತ ಮಗುವಿಗೆ ತಿಳಿದು, ಭಕ್ತಿಯಿಂದ ಸ್ವೀಕರಿಸಿದರೆ ಸಾಕು ಅಂದರು.

ನಮ್ಮ ಕ್ಲಾಸುಗಳಲ್ಲಿ ಬೇರೆ ಧರ್ಮದ ಮಕ್ಕಳೇ ಜಾಸ್ತಿ ಅಲ್ವಾ? ಧರ್ಮೋಪದೇಶದ ಪೀರಿಯಡ್ಡಿನಲ್ಲಿ ಅವರಿಗೆ ನೀತಿಪಾಠ ನಡೆಯಲಿ. ಸಂವಿಧಾನದ 28ನೇ ವಿಧಿಯ ಪ್ರಕಾರ ಸರ್ಕಾರದ ಮಾನ್ಯತೆ ಅಥವಾ ಅನುದಾನ ಇರುವ ಶಾಲೆಯಲ್ಲಿ ಪೋಷಕರ ಒಪ್ಪಿಗೆ ಇಲ್ಲದೆ ಮಗುವನ್ನು ಧಾರ್ಮಿಕ ಬೋಧನೆಗೆ ಕೂರಿಸುವಂತಿಲ್ಲ. ಕಾನೂನು ಹಾಗಿರಲಿ, ಗೆಳೆಯನ ಮನೆಯ ದೇವರನ್ನು ಗೌರವಿಸಲು ಕಲಿಯದ ಮಗುವಿಗೆ ನಾವು ಏನು ಭಕ್ತಿ ಕಲಿಸಿದ ಹಾಗಾಯಿತು? ಸಹಾಯದ ಕೆಲಸಗಳನ್ನಂತೂ ಎಲ್ಲರೂ ಸೇರಿಯೇ ಮಾಡಲಿ.

ಹಬ್ಬಗಳನ್ನು ಬಿಡಬೇಡಿ. ಸೆಪ್ಟೆಂಬರ್ 8ರಂದು ಮಾತೆ ಮರಿಯಮ್ಮನ ಹುಟ್ಟುಹಬ್ಬ, ಅದೇ ತೆನೆಹಬ್ಬ; ಅದಕ್ಕೆ ಮುಂಚಿನ ಒಂಬತ್ತು ದಿನವೂ ಮಕ್ಕಳು ಅವಳಿಗೆ ಹೂ ತರುತ್ತಾರೆ. ಹೂ ಇಲ್ಲದೆ ಬಂದವರಿಗೆ ತಮ್ಮ ತಟ್ಟೆಯಿಂದ ಎರಡು ಕೊಡುವುದನ್ನು ಮೊದಲ ದಿನವೇ ಕಲಿಸಿ. ಗೊರೂರಿನ ಹತ್ತಿರದ ಶೆಟ್ಟಿಹಳ್ಳಿಯ ಹಳೇ ಚರ್ಚಿಗೂ ಒಮ್ಮೆ ಕರೆದುಕೊಂಡು ಹೋಗಿ. 1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿದ್ದು, ಹೇಮಾವತಿ ಅಣೆಕಟ್ಟು ಬಂದ ಮೇಲೆ ಮಳೆಗಾಲದಲ್ಲಿ ಹಿನ್ನೀರಿನಲ್ಲಿ ನಿಲ್ಲುತ್ತದೆ. ನೀರು ಇಳಿದ ಬೇಸಿಗೆಯಲ್ಲಿ ಹೋಗಿ. ಇಲ್ಲಿ ಪೂಜೆಗೆ ಬರುತ್ತಿದ್ದವರು ಊರು ಬಿಟ್ಟು ಬೇರೆ ಕಡೆ ನೆಲೆಸಬೇಕಾಯಿತು ಅಂತ ಹೇಳಿ. ಅಲ್ಲೇ ಒಂದು ಪ್ರಾರ್ಥನೆ ಹೇಳಿಸಿ, ಪ್ರವಾಸಿಗರು ಬಿಸಾಡಿದ ಪ್ಲಾಸ್ಟಿಕ್ ಆರಿಸಿಕೊಂಡು ಬನ್ನಿ.

ದೊಡ್ಡ ಮಕ್ಕಳು ಕಷ್ಟದ ಪ್ರಶ್ನೆ ಕೇಳುತ್ತಾರೆ. ನಮ್ಮ ಸಕಲೇಶಪುರ, ಆಲೂರು ಕಡೆ ಕಾಡಾನೆಗೆ ಸಿಕ್ಕಿ ಕೂಲಿಯವರು ಸಾಯುವುದುಂಟು. "ಅವರು ದಿನಾ ಪ್ರಾರ್ಥನೆ ಮಾಡ್ತಿದ್ರಲ್ವಾ ಮಿಸ್, ದೇವರು ಯಾಕೆ ಕಾಪಾಡಲಿಲ್ಲ?" ಅಂತ ಕೇಳಿದರೆ "ದೇವರ ಚಿತ್ತ" ಅಂತ ಬಾಯಿ ಮುಚ್ಚಿಸಬೇಡಿ. ನನ್ನ ಹತ್ತಿರವೂ ಇದಕ್ಕೆ ಉತ್ತರ ಇಲ್ಲ ಅಂತ ನೇರವಾಗಿ ಹೇಳಿ. ಯೊವಾನ್ನನ ಶುಭಸಂದೇಶದ 11ನೇ ಅಧ್ಯಾಯ ತೆಗೆದು, ಗೆಳೆಯ ಲಾಜರನ ಸಮಾಧಿಯ ಹತ್ತಿರ ಯೇಸುಸ್ವಾಮಿ ಅತ್ತಿದ್ದನ್ನು ಓದಿ. ಆ ಕುಟುಂಬದ ಹೆಸರು ಹೇಳಿ ಪ್ರಾರ್ಥಿಸಿ. ಆ ಮನೆಯ ಮಗು ನಿಮ್ಮ ಶಾಲೆಯದೇ ಆಗಿದ್ದರೆ, ಅದು ವಾಪಸ್ ಬರುವ ದಿನ ಡಬ್ಬಿ ಹಂಚಿಕೊಂಡು ಪಕ್ಕದಲ್ಲಿ ಕೂರಲು ಇಬ್ಬರನ್ನು ಮೊದಲೇ ಒಪ್ಪಿಸಿಡಿ. ಏನಾಯಿತು ಅಂತ ಕೆದಕಿ ಕೇಳಬಾರದು ಅಂತಲೂ ಅವರಿಗೆ ಹೇಳಿರಿ.